ಚಲುವಯ್ಯನವರ ಗರಗಸದ ಮೇಜು

ಚಲುವಯ್ಯನವರು ಮೂವತ್ತನಾಲ್ಕು ವರ್ಷ ವಿಮಾನ ಕಾರ್ಖಾನೆಯಲ್ಲಿ ದುಡಿದರು. ಆದರೆ ಅಷ್ಟೂ ವರ್ಷದಲ್ಲಿ ತಮ್ಮ ಕೈಯಾರೆ ಒಂದು ಸ್ಕ್ರೂ ಕೂಡ ಮಾಡಲಿಲ್ಲ. ಅವರು ಇನ್‌ಸ್ಪೆಕ್ಟರ್. ಬೇರೆಯವರು ಮಾಡಿದ್ದನ್ನು ಅಳೆಯುವುದು ಅವರ ಕೆಲಸ. ಅಳತೆ ಸರಿಯಿದ್ದರೆ ಮುದ್ರೆ ಒತ್ತುವರು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕೆಂಪು ಚೀಟಿ ಕಟ್ಟುವರು. ಚೀಟಿಯ ಮೇಲೆ ಕಾರಣವನ್ನು ಬರೀ ಅಂಕಿಯಲ್ಲಿ ಬರೆದು, ಪೆನ್ನಿಗೆ ಮುಚ್ಚಳ ಹಾಕಿ, ಮುಂದಿನ ಮೇಜಿಗೆ ಹೋಗಿಬಿಡುವರು. ನಿವೃತ್ತಿಯ ದಿನ ಕೊರಳಲ್ಲಿ ಹಾರ, ಕೈಯಲ್ಲಿ ಗೋಡೆ ಗಡಿಯಾರ ಹಿಡಿದುಕೊಂಡು ಹೊಸ ತಿಪ್ಪಸಂದ್ರದ ಮನೆಗೆ ಬಂದಾಗ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗೋವಿಂದಮ್ಮ, "ಇನ್ಮೇಲೆ ನಂಗೆ ಚೀಟಿ ಕಟ್ಟೋ ಕೆಲಸ ಶುರುನಾ?" ಎಂದು ಕೇಳಿದ್ದರು.

ಆ ಮಾತು ತೀರಾ ಸುಳ್ಳಾಗಲಿಲ್ಲ. ಮೊದಲ ತಿಂಗಳು ಅವರು ಗೋಡೆಯ ಮೇಲಿನ ಬುದ್ಧನ ಪಟ ಎಡಕ್ಕೆ ವಾಲಿದೆಯೆಂದು ನಾಲ್ಕು ಸಲ ತೆಗೆದು ಹಾಕಿದರು. ಚಪಾತಿಯ ಅಂಚು ತೆಳ್ಳಗೆ, ನಡುವೆ ದಪ್ಪ ಎಂಬುದನ್ನು ಕಂಡುಹಿಡಿದರು. ಗೋವಿಂದಮ್ಮ ಲಟ್ಟಣಿಗೆಯನ್ನು ಅವರ ಕೈಗೇ ಕೊಟ್ಟ ಮೇಲೆ ಆ ತಪಾಸಣೆ ನಿಂತಿತು. ಎರಡನೆಯ ತಿಂಗಳು ಅವರ ಗಮನ ಮೊಬೈಲಿಗೆ ಹೋಯಿತು. ಯಾವುದೋ ದೇಶದ ಗಡ್ಡದವರು ಹಲಗೆ ಕುಯ್ಯುವುದನ್ನು ಊಟದ ಹೊತ್ತಿನಲ್ಲೂ ನೋಡತೊಡಗಿದರು.

ಒಂದು ಬೆಳಗ್ಗೆ ತಿಂಡಿಯ ತಟ್ಟೆ ಮುಂದಿಟ್ಟುಕೊಂಡು ಹೇಳಿದರು. "ನಾನೊಂದು ಟೇಬಲ್ ಸಾ ತಗೋಬೇಕು ಅಂತಿದೀನಿ."

"ಏನ್ ಸಾ?"

"ಟೇಬಲ್ ಸಾ."

"ಬೆಳಗ್ಗೆ ಬೆಳಗ್ಗೆ ಸಾ ಸಾ ಅಂತೀರಲ್ಲ, ಬೇರೆ ಒಳ್ಳೆ ಹೆಸರಿಲ್ವಾ ಅದಕ್ಕೆ?"

"ಗರಗಸ ಕಣೇ. ಮೇಜಿನ ನಡುವಿಂದ ಬ್ಲೇಡು ಮೇಲೆ ಬಂದು ತಿರುಗ್ತಿರುತ್ತೆ. ಹಲಗೆ ತಳ್ಳಿದ್ರೆ ಸಾಕು, ಬೆಣ್ಣೆ ಕುಯ್ದಂಗೆ ಕುಯ್ಯುತ್ತೆ."

"ಸರಿ, ಏನ್ ಮಾಡ್ತೀರಿ ಅದ್ರಲ್ಲಿ?"

ಏನು ಮಾಡಬೇಕೆಂಬುದು ಯಾವತ್ತೂ ಚಲುವಯ್ಯನವರ ಇಲಾಖೆಯ ವಿಷಯವಾಗಿರಲಿಲ್ಲ. ಅವರು ಹಿತ್ತಲ ಬಾಗಿಲಿನತ್ತ ನೋಡಿದರು. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಎರಡು ಇಟ್ಟಿಗೆಯ ಮೇಲೆ ಗೋಣಿತಾಟು ಹಾಸಿತ್ತು. ಗೋವಿಂದಮ್ಮ ಸೊಪ್ಪು ಬಿಡಿಸಲು ಕೂರುವುದು ಅದರ ಮೇಲೆ. ನೆಲದ ಮೇಲೆ ಕೂರಬೇಡಿ ಎಂದು ಡಾಕ್ಟರು ಹೇಳಿ ಒಂದು ವರ್ಷವಾಗಿತ್ತು. ಪ್ಲಾಸ್ಟಿಕ್ ಸ್ಟೂಲು ಎತ್ತರವಾಗಿ ಸೊಪ್ಪಿನ ಮೊರಕ್ಕೆ ಕೈ ಎಟುಕುತ್ತಿರಲಿಲ್ಲ.

"ನಿಂಗೊಂದು ಗಿಡ್ಡ ಸ್ಟೂಲು ಮಾಡ್ಕೊಡ್ತೀನಿ," ಎಂದರು. "ಎಂಟಿಂಚು ಎತ್ತರ. ನಿನ್ನ ಮಂಡಿಗೆ ಸರಿಯಾಗಿ."

ಅಂಥ ಸ್ಟೂಲು ಮಾರ್ಕೆಟ್ ರಸ್ತೆಯಲ್ಲಿ ಬೇಕಾದಷ್ಟು ಸಿಗುತ್ತದೆಂದು ಗೋವಿಂದಮ್ಮನಿಗೆ ಗೊತ್ತಿತ್ತು. ಆದರೆ ಮದುವೆಯಾದಾಗಿನಿಂದ ಈ ಮನುಷ್ಯನ ಬಾಯಲ್ಲಿ "ಮಾಡ್ಕೊಡ್ತೀನಿ" ಎಂಬ ಮಾತು ಬಂದದ್ದು ಇದೇ ಮೊದಲು. ತಟ್ಟೆ ತೆಗೆಯುತ್ತಾ ಹೇಳಿದರು, "ನಡೀರಿ ಮತ್ತೆ, ನಾನೂ ಬರ್ತೀನಿ."

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಸಾಲೇಹಾ ಅವರ ಅಂಗಡಿ. ತಂದೆ ನಡೆಸುತ್ತಿದ್ದ ಹತಾರಗಳ ಅಂಗಡಿಯನ್ನು ಹದಿನೈದು ವರ್ಷದಿಂದ ಅವರೇ ನೋಡಿಕೊಳ್ಳುತ್ತಿದ್ದರು. ಐವತ್ತರ ಆಸುಪಾಸಿನ ಹೆಂಗಸು. ಕನ್ನಡಕ ಹಣೆಯ ಮೇಲೇರಿಸಿಕೊಂಡು, ಕೆಟ್ಟ ಡ್ರಿಲ್ಲಿಂಗ್ ಮೆಷೀನೊಂದರ ಹೊಟ್ಟೆ ಬಿಚ್ಚಿ ಕೂತಿದ್ದರು. ಅಂಗಡಿಯಲ್ಲಿ ಮೂರು ಬಗೆಯ ಗರಗಸದ ಮೇಜುಗಳಿದ್ದವು. ಮೂರನ್ನೂ ತೋರಿಸಿ, ಯಾವುದು ಬೇಕೆಂದು ಕೇಳಿದರು.

ಚಲುವಯ್ಯನವರು ಬಟ್ಟೆ ಚೀಲದಿಂದ ಒಂದು ಸ್ಟೀಲ್ ಪಟ್ಟಿ ತೆಗೆದರು. ಆಮೇಲೆ ಮೂಲೆಮಟ್ಟ. ಆಮೇಲೆ ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟಿದ್ದ, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜು.

"ಯಾವ ಡಿಪಾರ್ಟ್‌ಮೆಂಟ್ ಸಾರ್ ನೀವು?" ಸಾಲೇಹಾ ಎದ್ದು ನಿಂತರು. "ರೇಡ್‌ಗೆ ಬಂದಂಗಿದೆ."

"ಇಲ್ಲಮ್ಮ, ಸುಮ್ನೆ ನೋಡ್ತೀನಿ."

ಸುಮ್ಮನೆ ನೋಡುವುದು ಒಂದೂಕಾಲು ಗಂಟೆ ನಡೆಯಿತು. ಮೊದಲ ಮೇಜಿನ ನಡುಭಾಗ ಒಂದು ಕಾಗದದಷ್ಟು ತಗ್ಗಾಗಿತ್ತು. ಎರಡನೆಯದರಲ್ಲಿ, ಹಲಗೆ ಆತು ಸಾಗಬೇಕಾದ ಪಕ್ಕದ ಪಟ್ಟಿ ಬಿಗಿ ಮಾಡುವಾಗ ಒಂಚೂರು ಸರಿಯಿತು. ಮೂರನೆಯದರಲ್ಲಿ ಏನೂ ತಪ್ಪು ಸಿಗಲಿಲ್ಲ. ಅದು ಅವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಂಗೆಡಿಸಿತು. ಮೊಣಕಾಲೂರಿ, ಬಗ್ಗಿ, ಮೇಜಿನ ತಳಕ್ಕೆ ಮೊಬೈಲಿನ ಬೆಳಕು ಬಿಟ್ಟು ನೋಡತೊಡಗಿದರು.

ಸಾಲೇಹಾ ಗೋವಿಂದಮ್ಮನಿಗೆ ಕುರ್ಚಿ ಹಾಕಿ, ಚಹಾ ತರಿಸಿಕೊಟ್ಟರು. "ಅರೆ, ಹುಡುಗಿ ನೋಡಕ್ಕೆ ಬಂದೋರೂ ಇಷ್ಟು ನೋಡಲ್ಲ ಅಕ್ಕಾ."

"ನನ್ನ ನೋಡೋಕೆ ಬಂದಾಗ ಐದ್ನಿಮಿಷಕ್ಕೇ ಮುಗಿದಿತ್ತು," ಎಂದರು ಗೋವಿಂದಮ್ಮ.

"ಆವತ್ತು ಗೇಜು ತಂದಿರಲಿಲ್ಲ ಅನ್ಸತ್ತೆ."

ಮೇಜಿನ ಕೆಳಗಿನಿಂದ ಚಲುವಯ್ಯನವರ ದನಿ ಬಂತು. "ಆಗಿನ್ನೂ ಟ್ರೈನಿಂಗಲ್ಲಿದ್ದೆ."

ಮೂರನೆಯದೇ ಆಯ್ಕೆಯಾಯಿತು. ಬಿಲ್ಲು ಬರೆಯುವ ಮೊದಲು ಸಾಲೇಹಾ ನಗು ನಿಲ್ಲಿಸಿ, ಕನ್ನಡಕ ಕೆಳಗಿಳಿಸಿದರು. "ಸಾರ್, ಈಗ ನನ್ನ ಮಾತು ಕೇಳಿ. ಬ್ಲೇಡಿನ ಮೇಲಿರೋ ಈ ಮುಚ್ಚಳ ತೆಗೀಬಾರ್ದು. ಹಿಂದಿರೋ ಈ ತಗಡೂ ತೆಗೀಬಾರ್ದು. ಇದಿಲ್ಲ ಅಂದ್ರೆ ಕುಯ್ದ ಹಲಗೆ ಬ್ಲೇಡನ್ನ ಅಮುಕ್ಕೊಂಡು ನಿಮ್ಮ ಹೊಟ್ಟೆಗೇ ವಾಪಸ್ ಹೊಡೆಯುತ್ತೆ. ತಳ್ಳೋಕೆ ಕೋಲು ಇದೆ, ಕೈ ಹತ್ರ ಹೋಗಬಾರ್ದು. ಗ್ಲೌಸು ಬೇಡ. ತುಂಬು ತೋಳಿನ ಶರಟು ಬೇಡ. ಬ್ಲೇಡ್ ಮುಟ್ಟೋ ಮೊದಲು ಪ್ಲಗ್ ಕಿತ್ತಿಡಬೇಕು. ನಮ್ಮ ಅಬ್ಬಾ ಗಿರಾಕಿ ಬಾಯಲ್ಲಿ ಇದನ್ನೆಲ್ಲ ಎರಡು ಸಲ ಹೇಳಿಸ್ತಿದ್ರು."

ಚಲುವಯ್ಯನವರು ಶಾಲೆಯ ಹುಡುಗನಂತೆ ಎರಡು ಸಲ ಹೇಳಿದರು. ಗೋವಿಂದಮ್ಮನೂ ಮನಸ್ಸಿನಲ್ಲೇ ಹೇಳಿಕೊಂಡರು.

ಮನೆಗೆ ಗೂಡ್ಸ್ ಆಟೋದಲ್ಲಿ ಹೊರಟರು. ಗೋವಿಂದಮ್ಮ ಮುಂದೆ ಡ್ರೈವರ್ ಪಕ್ಕ ಕೂತರು. ಚಲುವಯ್ಯನವರು ಹಿಂದೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತರು. ಹಲಸೂರಿನಲ್ಲಿ ಮರದ ಅಂಗಡಿಯ ಮುಂದೆ ಇಳಿದು ಒಂದು ಸಿಲ್ವರ್ ಓಕ್ ಹಲಗೆ, ಕಾಲಿಗೆಂದು ಎರಡಿಂಚು ಚೌಕದ ಒಂದು ಉದ್ದನೆಯ ಪಟ್ಟಿ ಕೊಂಡರು. ಅಲ್ಲಿಂದ ಪ್ರತಿ ರಸ್ತೆಯುಬ್ಬಿಗೂ "ನಿಧಾನ, ನಿಧಾನ!" ಎಂದು ಕೂಗುತ್ತಾ ಬಂದರು. ಇಂದಿರಾನಗರ ದಾಟುವ ಹೊತ್ತಿಗೆ ಡ್ರೈವರ್ ಗೋವಿಂದಮ್ಮನನ್ನು ಕೇಳಿದ, "ಹಿಂದೆ ಇರೋದು ಗಾಜಾ ಅಮ್ಮ?"

"ಅಲ್ಲಪ್ಪ, ಕಬ್ಬಿಣ. ಗಾಜು ಅಂದ್ರೆ ಆ ಯಜಮಾನ್ರು."

ಮನೆಯ ಮುಂದಿನ ಪೋರ್ಟಿಕೋದಿಂದ ಸ್ಕೂಟರು ರಸ್ತೆಗೆ ಗಡೀಪಾರಾಯಿತು. ಎಲೆಕ್ಟ್ರಿಷಿಯನ್ ಬಂದು ದೊಡ್ಡ ಪ್ಲಗ್ ಹಾಕಿಕೊಟ್ಟ. ಮರುದಿನ ಚಲುವಯ್ಯನವರು ಪೆಟ್ಟಿಗೆ ಬಿಚ್ಚಿ, ಕಾಲು ಜೋಡಿಸಿ, ಮೇಜು ನಿಲ್ಲಿಸಿದರು. ಗೋವಿಂದಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಬೆಳಗಿದರು. ಅವರು ಒಳಗೆ ಹೋದ ಕೂಡಲೆ ಚಲುವಯ್ಯನವರು ಕುಂಕುಮವನ್ನು ಮೇಜಿನ ಮೇಲ್ಮೈಯಿಂದ ಒರೆಸಿ ಪಕ್ಕದ ಕಾಲಿಗೆ ವರ್ಗಾಯಿಸಿದರು.

ಆಮೇಲೆ ಶುರುವಾಯಿತು ಹೊಂದಾಣಿಕೆಯ ಕೆಲಸ. ಮೇಜಿನ ಉದ್ದಕ್ಕೂ ಒಂದು ಸಣ್ಣ ಕಾಲುವೆ ಇರುತ್ತದೆ. ಬ್ಲೇಡು ಅದಕ್ಕೆ ಸಮಾನಾಂತರವಾಗಿ ನಿಲ್ಲಬೇಕು. ಅವರು ಬ್ಲೇಡಿನ ಒಂದು ಹಲ್ಲಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಅದು ಮುಂದಿರುವಾಗ ಒಮ್ಮೆ, ಹಿಂದಕ್ಕೆ ತಿರುಗಿಸಿ ಒಮ್ಮೆ ಗೇಜಿನಲ್ಲಿ ಅಳೆದರು. ವ್ಯತ್ಯಾಸ ಕೂದಲಿನ ಅರ್ಧದಷ್ಟೂ ಇರಲಿಲ್ಲ. ಮರಗೆಲಸಕ್ಕೆ ಅದು ಬೇಕಾದಷ್ಟಾಯಿತು. ಆದರೆ ವಿಮಾನಕ್ಕೆ ಸಾಲದು. ಬೋಲ್ಟು ಸಡಿಲಿಸಿ, ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ, ಬಿಗಿದು, ಮತ್ತೆ ಅಳೆದರು. ಬಿಗಿಯುವಾಗ ಅದು ಮತ್ತೆ ಸರಿಯಿತು. ಹೀಗೆ ನಾಲ್ಕು ದಿನ. ಬಳಿಕ ಪಕ್ಕದ ಪಟ್ಟಿ, ಬಳಿಕ ಹಿಂದಿನ ತಗಡು. ಎಲ್ಲವನ್ನೂ ತಾರೀಕು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು.

ಮಹಡಿಯ ಮನೆಯಲ್ಲಿ ಬಾಡಿಗೆಗಿದ್ದ ಪದ್ಮಶ್ರೀ ಶಾಲೆಯ ಟೀಚರು. ಬೆಳಗ್ಗೆ ಮೆಟ್ಟಿಲಿಳಿಯುವಾಗ ಕೇಳುತ್ತಿದ್ದಳು. "ಅಂಕಲ್, ಇವತ್ತು ಕುಯ್ತೀರಾ?"

"ಇವತ್ತು ಅಲೈನ್‌ಮೆಂಟಮ್ಮ."

ಸಂಜೆ ಬರುವಾಗ, "ಕುಯ್ದ್ರಾ ಅಂಕಲ್?"

"ನಾಳೆ ಒಂದ್ಸಲ ಕ್ರಾಸ್ ಚೆಕ್ ಮಾಡ್ಬೇಕು."

ಎಂಟನೆಯ ದಿನ ಚಲುವಯ್ಯನವರು ಬ್ಯಾಂಕಿಗೆ ಹೋಗಿ ಬರುವಷ್ಟರಲ್ಲಿ ಮೇಜಿನ ತುಂಬ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ನಲವತ್ತು ಅಕ್ಕಿ ಹಪ್ಪಳ ಒಣಹಾಕಿತ್ತು. ಬ್ಲೇಡನ್ನು ಮೊದಲೇ ತಿರುವಿ ಕೆಳಗಿಳಿಸಲಾಗಿತ್ತು, ಪ್ಲಗ್ಗು ಕಿತ್ತಿಡಲಾಗಿತ್ತು.

"ಏನೇ ಇದು!"

"ಇಷ್ಟು ಸಮವಾಗಿರೋ ಜಾಗ ಇಡೀ ತಿಪ್ಪಸಂದ್ರದಲ್ಲಿಲ್ಲ ಅಂತ ನೀವೇ ಹೇಳಿದ್ರಿ. ಹಪ್ಪಳ ಒಂದೂ ಸೊಟ್ಟ ಆಗಿಲ್ಲ ನೋಡಿ."

ಹನ್ನೆರಡನೆಯ ದಿನ ಅವರು ಕೊನೆಗೂ ಸ್ವಿಚ್ ಒತ್ತಿದರು. ಬ್ಲೇಡು ಗುಂಯ್ ಎಂದು ಎದ್ದಿತು. ಎದುರು ಮನೆಯ ಪಾರಿವಾಳಗಳು ಹಾರಿದವು, ಬೀದಿಯ ನಾಯಿ ಎದ್ದು ಜಾಗ ಬದಲಿಸಿತು. ಐದು ಸೆಕೆಂಡು ಓಡಿಸಿ ಆರಿಸಿಬಿಟ್ಟರು. "ಚೆನ್ನಾಗಿ ತಿರುಗ್ತಿದೆ," ಎಂದು ನೋಟ್‌ಬುಕ್ಕಿನಲ್ಲಿ ಬರೆದರು.

ಮಾರನೆಯ ದಿನ ಗೋವಿಂದಮ್ಮ ಕಿಟಕಿಯಿಂದ ನೋಡಿದರು. ಗಂಡ ಮರದ ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಗೀಚಿದ ಗೆರೆಯನ್ನು ಬ್ಲೇಡಿಗೆ ಹೊಂದಿಸಿದರು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಹಾಕಿದರು. ಕೈ ಸ್ವಿಚ್ಚಿನ ಮೇಲೆ ಹೋಯಿತು. ಹಾಗೆಯೇ ಬಹಳ ಹೊತ್ತು ನಿಂತರು. ಆಮೇಲೆ ಎಲ್ಲವನ್ನೂ ಒಂದೊಂದಾಗಿ ತೆಗೆದಿಟ್ಟು, ಪಟ್ಟಿಯನ್ನು ಗೋಡೆಗೆ ಒರಗಿಸಿ ಒಳಗೆ ಬಂದು ಕೂತರು.

ಗೋವಿಂದಮ್ಮ ಪಕ್ಕದಲ್ಲಿ ಬಂದು ಕೂತರು. "ಭಯನಾ?"

"ಬ್ಲೇಡ್ ನೋಡಿದ್ರೆ ಯಾರಿಗಾದ್ರೂ ಭಯ ಆಗುತ್ತೆ. ಅದು ಇರ್ಬೇಕು. ಆದ್ರೆ..." ಚಲುವಯ್ಯನವರು ಕಿಟಕಿಯಾಚೆಯ ಮೇಜಿನತ್ತ ನೋಡಿದರು. "ಒಂದ್ಸಲ ಕುಯ್ದ್ರೆ ಮುಗೀತಲ್ಲ ಕಣೇ. ತಪ್ಪಾದ್ರೆ ವಾಪಸ್ ಸೇರಿಸೋಕಾಗಲ್ಲ."

"ಇಲ್ಲಿ ಯಾರ್ರೀ ನೋಡ್ತಾರೆ ನಿಮ್ಮ ತಪ್ಪನ್ನ?"

"ನಾನು ನೋಡ್ತೀನಲ್ಲ."

ಗೋವಿಂದಮ್ಮನಿಗೆ ನಗು ಬರಲಿಲ್ಲ. ಎಷ್ಟೋ ವರ್ಷ ಬೇರೆಯವರ ಕೆಲಸಕ್ಕೆ ತೀರ್ಪು ಹೇಳಿದ ಮನುಷ್ಯ ಈಗ ತನ್ನ ಮೇಜಿನ ಮುಂದೆ ತಾನೇ ನಿಂತಿದ್ದಾನೆ, ಪಾಪ, ಅನ್ನಿಸಿತು. ತರಕಾರಿ ಅಂಗಡಿಯಲ್ಲಿ ಆಗಾಗ ಸಿಗುತ್ತಿದ್ದ ಆದಿನಾರಾಯಣ ಅವರ ಹೆಂಡತಿಯ ಫೋನ್ ನಂಬರ್ ಅವರ ಬಳಿ ಇತ್ತು. ಅಡುಗೆಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು ಫೋನ್ ಮಾಡಿದರು.

ಆದಿನಾರಾಯಣ ಅದೇ ಕಾರ್ಖಾನೆಯಲ್ಲಿ ಲೋಹ ಕೆತ್ತುವ ಮಿಲ್ಲಿಂಗ್ ಮೆಷೀನಿನ ಮೇಲೆ ಕೆಲಸ ಮಾಡಿದವರು. ಅವರು ಮಾಡಿದ ಭಾಗಗಳನ್ನು ಇಪ್ಪತ್ತು ವರ್ಷ ಅಳೆದದ್ದು ಚಲುವಯ್ಯನವರು. ಇಬ್ಬರೂ ಒಂದೇ ಬಸ್ಸಿನಲ್ಲಿ ಓಡಾಡಿದ್ದರು. ಕ್ಯಾಂಟೀನಿನಲ್ಲಿ ಒಂದು ದಿನವೂ ಒಟ್ಟಿಗೆ ಕೂತಿರಲಿಲ್ಲ.

ಭಾನುವಾರ ಬೆಳಗ್ಗೆ ಹತ್ತಕ್ಕೆ ಆದಿನಾರಾಯಣ ಜೀವನ್ ಬಿಮಾ ನಗರದಿಂದ ನಡೆದೇ ಬಂದರು. ಗೇಟಿನಲ್ಲಿ ಅವರನ್ನು ಕಂಡ ಚಲುವಯ್ಯನವರು ಹೆಂಡತಿಯತ್ತ ತಿರುಗಿ ನೋಡಿದರು. ಗೋವಿಂದಮ್ಮ ತುಂಬ ಶ್ರದ್ಧೆಯಿಂದ ತುಳಸಿ ಗಿಡಕ್ಕೆ ನೀರು ಹಾಕುತ್ತಿದ್ದರು.

ಆದಿನಾರಾಯಣ ಯಂತ್ರಕ್ಕೆ ಒಂದು ಸುತ್ತು ಬಂದರು, ಬೆರಳ ತುದಿಯಿಂದ ಮೇಜನ್ನು ಸವರಿದರು, ಗೋಡೆಗೆ ಒರಗಿದ್ದ ಪಟ್ಟಿಯ ಗೆರೆಗಳನ್ನು ಬಗ್ಗಿ ನೋಡಿದರು. ನೋಟ್‌ಬುಕ್ ತೆಗೆದು ಪುಟ ತಿರುವಿದರು. "ಸಾರ್, ಇದು ಮೆಷೀನೋ ಪೇಷಂಟೋ? ದಿನಾ ಎರಡು ಹೊತ್ತು ಜ್ವರ ನೋಡಿ ಬರ್ದಿದ್ದೀರಲ್ಲ."

"ಸೆಟ್ಟಿಂಗ್ ಸರಿ ಇರ್ಬೇಕಲ್ವಾ."

"ನನ್ನ ಸರ್ವೀಸಲ್ಲಿ ಇಷ್ಟು ಸರಿಯಾಗಿರೋ ಮೆಷೀನ್ ಮೇಲೆ ನಾನು ಕೆಲಸ ಮಾಡಿಲ್ಲ ಸಾರ್. ಇಂಥದ್ದು ಕೊಟ್ಟಿದ್ರೆ ನಿಮಗೆ ಚೀಟಿ ಖರ್ಚೇ ಇರ್ತಿರಲಿಲ್ಲ." ಅವರು ಒಂದು ಬಕೆಟ್ ಬೋರಲು ಹಾಕಿ, ಸುರಕ್ಷಿತವಾದ ದೂರದಲ್ಲಿ, ಆದರೆ ಎಲ್ಲ ಕಾಣುವ ಹಾಗೆ ಕೂತರು. "ಕುಯ್ರಿ, ನೋಡೋಣ."

ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಚಲುವಯ್ಯನವರು ಮರದ ಪಟ್ಟಿಯ ಎರಡೂ ತುದಿ ನೋಡಿದರು. ಉದ್ದ ಸರಿಯಾಗಿ ಎಂಟುನೂರು ಮಿಲಿಮೀಟರ್. ನಾಲ್ಕು ಕಾಲು, ಒಂದೊಂದು ಇನ್ನೂರು. ಡ್ರಾಯಿಂಗ್ ಹಾಳೆಯಲ್ಲೂ ಹಾಗೇ ಬರೆದಿತ್ತು. ಇನ್ನೂರು, ನಾನೂರು, ಆರುನೂರಕ್ಕೆ ಮೂರು ಗೆರೆಗಳನ್ನು ಮೊನಚು ಮೊಳೆಯಿಂದ ಮೊದಲೇ ಗೀಚಿದ್ದರು. ಕೂದಲಿಗಿಂತ ಸಣ್ಣ ಗೆರೆ. ಕನ್ನಡಕ, ಕಿವಿಯ ಮುಚ್ಚಳ ಹಾಕಿಕೊಂಡರು. ಪಟ್ಟಿಯನ್ನು, ಮೇಜಿನ ಕಾಲುವೆಯಲ್ಲಿ ಜಾರುವ ಅಡ್ಡ ಕುಯ್ಯುವ ಹಿಡಿಕೆಗೆ ಬಿಗಿಯಾಗಿ ಆನಿಸಿ, ಬ್ಲೇಡಿನ ಹಲ್ಲು ಮೊದಲ ಗೆರೆಯ ಬಲಕ್ಕೆ ತಾಗುವಂತೆ ಹೊಂದಿಸಿದರು. ಸ್ವಿಚ್ ಒತ್ತಿ ತಳ್ಳಿದರು.

ಜರ್‍ರ್ ಎಂದು ಒಂದು ಸದ್ದು, ಒಂದಿಷ್ಟು ಪುಡಿ, ಹಸಿ ಮರದ ವಾಸನೆ. ಮುಗಿಯಿತು. ಅಷ್ಟೇ. ಚಲುವಯ್ಯನವರು ಯಂತ್ರ ಆರಿಸಿ, ಬ್ಲೇಡು ಪೂರ್ತಿ ನಿಲ್ಲುವವರೆಗೆ ಕಾದು, ತುಂಡನ್ನು ಎತ್ತಿ ವರ್ನಿಯರ್ ಕ್ಯಾಲಿಪರಿನಲ್ಲಿ ಹಿಡಿದರು. ಇನ್ನೂರು. ಇನ್ನೂರಕ್ಕೆ ಇನ್ನೂರು.

"ಗೋವಿಂದೂ!"

ಮದುವೆಯಾದ ಹೊಸತರಲ್ಲಿ ಕರೆದ ಹೆಸರು ಅದು. ಗೋವಿಂದಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ತುಂಡು ನೋಡಿ, "ಚೆನ್ನಾಗಿದೆ ರೀ," ಎಂದರು. ಆದಿನಾರಾಯಣರೂ "ಬೊಂಬಾಟ್ ಸಾರ್" ಎಂದರು. ಚಲುವಯ್ಯನವರ ಭಯವೆಲ್ಲ ಮರದ ಪುಡಿಯ ಜೊತೆ ಉದುರಿಹೋಯಿತು. ಎರಡನೆಯ ಗೆರೆ, ಮೂರನೆಯ ಗೆರೆ, ಸರಸರ ಕುಯ್ದು ಮುಗಿಸಿದರು. ನಾಲ್ಕು ತುಂಡುಗಳನ್ನೂ ಸಾಲಾಗಿ ಮೇಜಿನ ಮೇಲೆ ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಸರಿದರು.

ಒಂದು ಕಾಲು ಉದ್ದವಾಗಿತ್ತು. ಉಳಿದ ಮೂರು ಗಿಡ್ಡ.

ಅವರು ಅಳೆದರು. ನೂರತೊಂಬತ್ತೇಳು ಪಾಯಿಂಟ್ ಎರಡು. ಮುಂದಿನದೂ ಅಷ್ಟೇ. ಅದರ ಮುಂದಿನದೂ ಅಷ್ಟೇ. ಗೆರೆಗಳನ್ನು ನೆನೆಸಿಕೊಂಡರು, ಸೆಟ್ಟಿಂಗ್ ನೆನೆಸಿಕೊಂಡರು. ಕೊನೆಗೆ ಬ್ಲೇಡಿನ ಹಲ್ಲಿನ ದಪ್ಪ ಅಳೆದರು. ಎರಡು ಪಾಯಿಂಟ್ ಎಂಟು. ಬ್ಲೇಡು ತಾನು ಸಾಗಿದ ದಾರಿಯ ಮರವನ್ನು ಪುಡಿ ಮಾಡಿಯೇ ಸಾಗುತ್ತದೆ. ಮೊದಲ ಕಾಲು ಸರಿ ಬಂದಿತ್ತು. ಆಮೇಲಿನ ಪ್ರತಿ ಕಾಲಿನಲ್ಲೂ ಬ್ಲೇಡಿನ ದಪ್ಪದಷ್ಟು ಮರ ನೆಲದ ಮೇಲೆ ಬಿದ್ದಿತ್ತು. ಲೆಕ್ಕದಲ್ಲಿ ಅದನ್ನು ಅವರು ಹಿಡಿದಿರಲೇ ಇಲ್ಲ.

ತಲೆಯೆತ್ತಿದಾಗ ಆದಿನಾರಾಯಣ ಬಕೆಟ್ಟಿನ ಮೇಲೆ ಕೂತು ಸದ್ದಿಲ್ಲದೆ ನಗುತ್ತಿದ್ದರು. ಹೊಟ್ಟೆ ಕುಲುಕುತ್ತಿತ್ತು.

"ನಿಮಗೆ ಗೊತ್ತಿತ್ತಾ?"

"ಗೆರೆ ನೋಡಿದ ತಕ್ಷಣ ಗೊತ್ತಾಯ್ತು ಸಾರ್."

"ಮತ್ತೆ ಹೇಳ್ಬಾರ್ದಿತ್ತೇನ್ರೀ?"

"ನೀವು ಇಪ್ಪತ್ತು ವರ್ಷದಲ್ಲಿ ಯಾವತ್ತಾದ್ರೂ ಮೊದಲೇ ಬಂದು ಹೇಳಿದ್ರಾ? ಪೀಸ್ ಮುಗಿದ್ಮೇಲೆ ತಾನೇ ಹೇಳ್ತಿದ್ದದ್ದು."

ಗೋವಿಂದಮ್ಮನಿಗೆ ವಿಷಯ ಅರ್ಥವಾಗಿರಲಿಲ್ಲ. ಏನಾಯಿತೆಂದು ಕೇಳಿದರು. ಚಲುವಯ್ಯನವರು ಬ್ಲೇಡಿನ ದಪ್ಪ, ಕಳೆದುಹೋದ ಮರ, ಎಲ್ಲವನ್ನೂ ಗಂಭೀರವಾಗಿ ವಿವರಿಸಿದರು. ಇಪ್ಪತ್ತು ವರ್ಷ ಬೀದಿಯವರ ಬ್ಲೌಸು ಹೊಲಿದಿದ್ದ ಗೋವಿಂದಮ್ಮ ಪೂರ್ತಿ ಕೇಳಿ, "ಅಯ್ಯೋ, ಹೊಲಿಗೆಗೆ ಬಟ್ಟೆ ಬಿಡೋದು ಮರೆತ್ರಾ?" ಎಂದರು.

ಆದಿನಾರಾಯಣ ಈ ಸಲ ಸದ್ದು ಮಾಡಿಯೇ ನಕ್ಕರು.

ಚಲುವಯ್ಯನವರು ನಗಲಿಲ್ಲ. ಪೆನ್ಸಿಲ್ ತೆಗೆದು ಮೂರು ಗಿಡ್ಡ ಕಾಲುಗಳ ಮೇಲೂ ದೊಡ್ಡ ಕಾಟು ಗುರುತು ಹಾಕಿದರು. "ಮೂರೂ ರಿಜೆಕ್ಟು. ಬೇರೆ ಮರ ತರ್ಬೇಕು."

"ಮೂರು ಗಿಡ್ಡ ಅಂತ ಯಾಕೆ ಅನ್ಕೋತೀರಿ? ಒಂದು ಉದ್ದ ಅಂತ ಅನ್ಕೊಳ್ಳಿ," ಎಂದರು ಆದಿನಾರಾಯಣ.

"ಡ್ರಾಯಿಂಗಲ್ಲಿ ಇನ್ನೂರು ಅಂತಿದೆ."

"ಡ್ರಾಯಿಂಗ್ ಬರೆದೋರು ಯಾರು?"

"ನಾನೇ."

"ಹಂಗಾದ್ರೆ ತಿದ್ದಿ."

ಚಲುವಯ್ಯನವರು ಹಾಳೆಯನ್ನೇ ನೋಡುತ್ತಾ ನಿಂತರು. ಡ್ರಾಯಿಂಗ್ ತಿದ್ದುವುದು! ಅದಕ್ಕೆ ಬೇರೆ ಇಲಾಖೆ ಇತ್ತು, ಬೇರೆ ಅಧಿಕಾರಿಗಳಿದ್ದರು. ಒಂದು ಅಂಕಿ ಬದಲಾಗಲು ಆರು ಸಹಿ ಬೇಕಿತ್ತು. ಕೊನೆಗೆ ಜೇಬಿನಿಂದ ರಬ್ಬರು ತೆಗೆದರು. ಇನ್ನೂರನ್ನು ಉಜ್ಜಿ, ಅದರ ಜಾಗದಲ್ಲಿ ನೂರತೊಂಬತ್ತೇಳು ಪಾಯಿಂಟ್ ಎರಡು ಎಂದು ಬರೆದರು. ಬರೆದ ಮೇಲೆ ಸುತ್ತ ಒಮ್ಮೆ ನೋಡಿದರು. ಏನೂ ಆಗಲಿಲ್ಲ. ಉದ್ದನೆಯ ಕಾಲನ್ನು ಮತ್ತೆ ಹಿಡಿಕೆಗೆ ಆನಿಸಿ, ತುದಿಯಿಂದ ಒಂದು ಬ್ಲೇಡಿನ ದಪ್ಪವನ್ನು ತೆಗೆದರು. ನಾಲ್ಕೂ ಸಮವಾಯಿತು.

ಕೂರುವ ಹಲಗೆ ಕುಯ್ದು, ಅಂಟು ಹಚ್ಚಿ, ಸ್ಕ್ರೂ ಬಿಗಿದದ್ದು ಮಜ್ಜಿಗೆಯಾದ ಮೇಲೆ. ಇಬ್ಬರೂ ಎದುರುಬದುರು ಕೂತು ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದರು.

"ಒಂದ್ಸಲ ನಂದು ಹನ್ನೊಂದು ಬ್ರಾಕೆಟ್ ಒಟ್ಟಿಗೆ ವಾಪಸ್ ಕಳಿಸಿದ್ರಿ. ಜ್ಞಾಪಕ ಇದೆಯಾ ಸಾರ್?" ಎಂದರು ಆದಿನಾರಾಯಣ. ದನಿಯಲ್ಲಿ ಕೋಪವಿರಲಿಲ್ಲ.

"ಹನ್ನೊಂದಲ್ಲ. ಹದಿಮೂರು."

"ಹದಿಮೂರಾ?"

"ಎರಡನೇ ತೂತು ಸರಿದಿತ್ತು. ಇವತ್ತು ತಂದುಕೊಟ್ರೂ ರಿಜೆಕ್ಟೇ."

"ಗೊತ್ತು ಸಾರ್. ನಾನೂ ಆಮೇಲೆ ಅಳೆದು ನೋಡಿದ್ದೆ. ನಿಮ್ಮದೇ ಸರಿ."

ಚಲುವಯ್ಯನವರು ಉಜ್ಜುವುದನ್ನು ನಿಲ್ಲಿಸಿದರು. ಕೈಯಲ್ಲಿದ್ದ ಕಾಗದವನ್ನು ಮಡಿಸಿದರು, ಬಿಚ್ಚಿದರು. "ಸರಿ ಇತ್ತು. ಆದ್ರೆ ನೀವು ಮೂರು ದಿನ ಕೂತು ಮಾಡಿದ್ರಿ. ನಾನು ಚೀಟಿ ಕಟ್ಟಿ ಬಸ್ ಹತ್ತಿದೆ. ಒಂದು ನಿಮಿಷ ನಿಮ್ಮ ಮೆಷೀನ್ ಹತ್ರ ಬಂದು, ಹಿಂಗಾಗಿದೆ ಆದಿನಾರಾಯಣ ಅಂತ ಬಾಯಿಬಿಟ್ಟು ಹೇಳ್ಬೇಕಿತ್ತು. ಹೇಳ್ಲಿಲ್ಲ. ಬಸ್ಸಲ್ಲಿ ನೀವು ಮುಂದಿನ ಸೀಟಲ್ಲೇ ಕೂತಿದ್ರಿ. ಆಗ್ಲೂ ಹೇಳ್ಲಿಲ್ಲ. ತಪ್ಪಾಯ್ತು."

ಆದಿನಾರಾಯಣ ಸ್ಟೂಲಿನ ಒಂದು ಮೂಲೆಯನ್ನು ಬೆರಳಿನಿಂದ ಸವರಿದರು. ಆಮೇಲೆ, "ಬಿಡಿ ಸಾರ್, ಈ ಮೂಲೆ ಇನ್ನೂ ಒರಟಿದೆ, ಉಜ್ಜಿ," ಎಂದು ಸ್ಟೂಲನ್ನು ಅವರ ಕಡೆ ತಿರುಗಿಸಿದರು. ಅಂದಿನ ಊಟ ಅಲ್ಲೇ ಆಯಿತು. ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಅವರೆಕಾಳು ಹುಳಿ ಉಂಡರು.

ಅಂಟು ಒಣಗಿದ ಮೇಲೆ ಸ್ಟೂಲು ಹಿತ್ತಲಿಗೆ ಹೋಯಿತು. ಇಟ್ಟ ಕೂಡಲೆ ಟಕ್ ಎಂದು ಒಂದು ಕಡೆ ಅಲ್ಲಾಡಿತು. ಚಲುವಯ್ಯನವರ ಮುಖ ಬಾಡಿತು. ಸ್ಟೀಲ್ ಪಟ್ಟಿ ತಂದು ನೆಲದ ಮೇಲಿಟ್ಟು, ಮಲಗಿ, ಕೆಳಗಿನಿಂದ ಬರುವ ಬೆಳಕು ನೋಡಿದರು. "ಸ್ಟೂಲು ಸರಿ ಇದೆ. ನೆಲ ಸರಿ ಇಲ್ಲ!" ಎಂದು ಘೋಷಿಸಿದರು.

"ನೆಲ ಕಿತ್ತು ಹಾಕ್ಬೇಡಿ ಮತ್ತೆ," ಎಂದ ಗೋವಿಂದಮ್ಮ ಸ್ಟೂಲನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ ಕೂತರು. ಅಲ್ಲಾಡಲಿಲ್ಲ. ಮೊರ ಎಳೆದುಕೊಂಡು ದಂಟಿನ ಸೊಪ್ಪು ಬಿಡಿಸತೊಡಗಿದರು. ಮಂಡಿ ಹೇಗಿದೆಯೆಂದು ಚಲುವಯ್ಯನವರು ಕೇಳಿದರು. "ಇನ್ನೂ ಗೊತ್ತಾಗ್ಲಿಲ್ಲ, ಇರಿ," ಎಂದರು. ಸೊಪ್ಪು ಮುಗಿದ ಮೇಲೂ ಎದ್ದೇಳಲಿಲ್ಲ. ಅಲ್ಲೇ ಕೂತು ಬೆಳ್ಳುಳ್ಳಿ ಸುಲಿದರು, ಬೇಡದಿದ್ದರೂ.

ಮುಂದಿನ ಭಾನುವಾರ ಆದಿನಾರಾಯಣ ಕರೆಯದೆಯೇ ಬಂದರು. ಅವರ ಹೆಂಡತಿಗೂ ಅಂಥದೇ ಸ್ಟೂಲು ಬೇಕಾಗಿತ್ತು. 'ನೀವೇ ಕುಯ್ರಿ, ನಾನು ಅಳೀತೀನಿ' ಎಂದು ಇಬ್ಬರೂ ಒಬ್ಬರಿಗೊಬ್ಬರು ಉಪಚಾರ ಮಾಡುತ್ತಿದ್ದಾಗ ಗೋವಿಂದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆಗಳನ್ನು ತೆಗೆದು ಕಿಟಕಿಯ ಮೇಲಿಟ್ಟು ಬಂದರು. ಗಂಡನ ಕಣ್ಣಿನಿಂದ ಕನ್ನಡಕ ತೆಗೆದು ತಾವು ಹಾಕಿಕೊಂಡರು.

"ಏನೇ ಮಾಡ್ತೀಯಾ?"

"ಮುಚ್ಚಳ ಇದೆ, ತಗಡಿದೆ, ಕೈ ದೂರ ಇದೆ. ಅಂಗಡಿ ಆಯಮ್ಮ ಹೇಳಿದ್ದು ನಂಗೂ ಜ್ಞಾಪಕ ಇದೆ. ಸರೀರಿ."

ಮೊದಲ ಕಾಲು ಕುಯ್ದರು. ಯಂತ್ರ ಆರಿಸಿದರು. ಆ ಕಾಲನ್ನೇ ಪಟ್ಟಿಯ ಮೇಲಿಟ್ಟು, ಅದರ ತುದಿಗೆ ಪೆನ್ಸಿಲ್ ಗೆರೆ ಎಳೆದು ಎರಡನೆಯದನ್ನು ಕುಯ್ದರು. ಮೂರನೆಯದಕ್ಕೂ ಮೊದಲನೆಯದನ್ನೇ ಇಟ್ಟರು, ನಾಲ್ಕನೆಯದಕ್ಕೂ ಅದನ್ನೇ. ಅಳತೆ ಬ್ಲೌಸ್ ಇಟ್ಟುಕೊಂಡು ಬಟ್ಟೆ ಕತ್ತರಿಸುವ ಹಾಗೆ. ನಾಲ್ಕನ್ನೂ ನಿಲ್ಲಿಸಿದಾಗ ಒಂದೇ ಸಮ ಇದ್ದವು.

"ಎಷ್ಟು ಮಿಲಿಮೀಟರ್ ಬಂತು?" ಚಲುವಯ್ಯನವರು ಕೇಳಿದರು.

"ನಂಗೇನು ಗೊತ್ತು?"

ಇಬ್ಬರು ಗಂಡಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಷ್ಟರಲ್ಲಿ ಪದ್ಮಶ್ರೀ ಒಗೆದ ಬಟ್ಟೆಯ ಮೇಲೆ ಕೂತ ಮರದ ಪುಡಿಯನ್ನು ಕೊಡವುತ್ತಾ ಮೆಟ್ಟಿಲಿಳಿದು ಬಂದಳು. ದೂರು ಹೇಳಲು ಬಂದವಳು, ಹೊಸ ಕಾಲುಗಳನ್ನು ನೋಡಿ ದೂರು ಮರೆತಳು. ಮಗಳ ಪುಸ್ತಕಗಳಿಗೆ ಒಂದು ಪುಟ್ಟ ಕಪಾಟು ಮಾಡಿಕೊಡುತ್ತೀರಾ ಎಂದು ಕೇಳಿದಳು. ಚಲುವಯ್ಯನವರೂ ಆದಿನಾರಾಯಣರೂ ಒಂದೇ ಉಸಿರಿಗೆ ಒಪ್ಪಿಕೊಂಡು, ಮದುವೆಯ ಕರೆಯೋಲೆಯೊಂದರ ಹಿಂಬದಿಯಲ್ಲಿ ಚಿತ್ರ ಬರೆಯಲು ಕೂತರು. ಕಪಾಟಿಗೆ ಮೂರು ಅರೆಯೋ ನಾಲ್ಕೋ ಎಂಬಲ್ಲೇ ಜಗಳ ಶುರುವಾಯಿತು.

"ಗಣೇಶನ ಹಬ್ಬದೊಳಗೆ ಆಗ್ಬಹುದಾ ಅಂಕಲ್?" ಪದ್ಮಶ್ರೀ ಕೇಳಿದಳು.

"ಖಂಡಿತ ಆಗುತ್ತೆ," ಎಂದರು ಇಬ್ಬರೂ.

"ಯಾವ ವರ್ಷದ ಗಣೇಶನ ಹಬ್ಬ ಅಂತ ಕೇಳ್ಕೊಳಮ್ಮ," ಎಂದರು ಗೋವಿಂದಮ್ಮ, ಬಳೆ ಹಾಕಿಕೊಳ್ಳುತ್ತಾ.

ಕಪಾಟು ಮುಗಿದದ್ದು ದೀಪಾವಳಿಯ ಹಿಂದಿನ ವಾರ. ಅರೆಗಳು ನಾಲ್ಕು.